ಸೆಪ್ಟೆಂಬರಿನ ಕ್ರಿಸ್‌ಮಸ್

ಜನರೇಟರಿನ ಸದ್ದು ಸರಿಯಿಲ್ಲ. ಹೋಟೆಲಿನ ಹಿಂದೆ ಎಲ್ಲೋ, ತೆಂಗಿನ ಮರಗಳ ಆಚೆ, ಅದು ಉಸಿರು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಓಡುತ್ತಿದೆ. ಬೇರಿಂಗ್ ಸವೆದಿದೆ, ಇನ್ನೊಂದು ತಿಂಗಳು ತಳ್ಳಿದರೆ ಹೆಚ್ಚು. ಎಲ್ಪಿಡಿಯೊಗೆ ಇದು ಕಣ್ಣು ಬಿಡುವ ಮೊದಲೇ ಗೊತ್ತಾಯಿತು. ಇಪ್ಪತ್ತು ವರ್ಷ ಹಡಗಿನ ಹೊಟ್ಟೆಯಲ್ಲಿ ಇಂಜಿನ್ನಿನ ಪಕ್ಕ ಬದುಕಿದವನು ಕಿವಿಯಿಂದಲೇ ಏಳುತ್ತಾನೆ. ಗೊತ್ತಾದದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಪಕ್ಕದಲ್ಲಿ ಹೆಂಡತಿ ರೊವೇನಾ ಇರಲಿಲ್ಲ, ಆಚೆಯ ಮಂಚಗಳಲ್ಲಿ ಮಕ್ಕಳೂ ಇರಲಿಲ್ಲ. ಪರದೆ ಸರಿಸಿ ನೋಡಿದರೆ ಮೂವರೂ ಕೆಳಗೆ, ಗಾಳಿಗೆ ಅಡ್ಡ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ, ಒಂದೇ ತಟ್ಟೆಯಿಂದ ಬೆಳ್ಳುಳ್ಳಿ ಅನ್ನ ತಿನ್ನುತ್ತ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅವನಿಗೆ ಖುಷಿಯಾಯಿತು. ತಾನು ಕರೆದುಕೊಂಡು ಬಂದದ್ದಕ್ಕೇ ಈ ನಗು ಅಂದುಕೊಂಡು ದಡದಡನೆ ಮೆಟ್ಟಿಲಿಳಿದು ಹೋದ. ಅವನನ್ನು ಕಂಡಕೂಡಲೇ ನಗು ನಿಂತಿತು. ಬೇಕೆಂದು ನಿಲ್ಲಿಸಿದರು ಅನ್ನುವ ಹಾಗಿಲ್ಲ. ಮಳೆ ಬಂದಾಗ ಒಣಗಿಹಾಕಿದ ಬಟ್ಟೆಯನ್ನು ಒಳಗೆ ತರುತ್ತಾರಲ್ಲ, ಅಷ್ಟು ಸಹಜವಾಗಿ ಮೂವರೂ ಅದನ್ನು ಒಳಗೆ ತೆಗೆದುಕೊಂಡರು.

"ನಿದ್ದೆ ಚೆನ್ನಾಗಿ ಬಂತಾ ಪಪ್ಪಾ?" ಎಂದಳು ಮಗಳು ಕ್ಲಾರೀಸ್. ಹದಿನೇಳರ ಹುಡುಗಿ. ಹೋಟೆಲಿನ ಕೌಂಟರಿನಲ್ಲಿ ಕೂತವಳೂ ದಿನಾ ಇದೇ ದನಿಯಲ್ಲಿ ಇದನ್ನೇ ಕೇಳುತ್ತಿದ್ದಳು.

"ಜನರೇಟರ್‌ದು ಬೇರಿಂಗ್ ಹೋಗಿದೆ," ಎಂದ ಎಲ್ಪಿಡಿಯೊ.

"ಹೌದಾ ಪಪ್ಪಾ?"

"ನಾವೇನು ಅದನ್ನ ಬಿಚ್ಚಿ ಕೂರಬೇಕಾ?" ಎಂದ ಹದಿನಾಲ್ಕರ ಮಗ ತೋತೋ, ಅನ್ನದಿಂದ ತಲೆಯೆತ್ತದೆ. ಅಪ್ಪನ ಹೆಸರನ್ನೇ ಇಟ್ಟಿದ್ದರೂ ಆ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ರೊವೇನಾ ಮೊಣಕೈಯಿಂದ ಮಗನನ್ನು ತಿವಿದು, ಮಕ್ಕಳು ಕರೆಯುವ ಹಾಗೆಯೇ ಗಂಡನನ್ನು ಕರೆದು, "ಕೂತ್ಕೋ ಪಪ್ಪಾ, ನಿಂಗೆ ಬೇರೆ ತಟ್ಟೆ ಹೇಳ್ತೀನಿ," ಎಂದಳು. ಬೇರೆ ತಟ್ಟೆ ಬಂತು, ಮೊಟ್ಟೆ ಸಮೇತ. ಅವನು ಒಬ್ಬನೇ ತಿಂದ.

ಬೋರಾಕಾಯ್ ದ್ವೀಪಕ್ಕೆ ಈ ಗಾಳಿಗಾಲದಲ್ಲಿ ಯಾರಾದರೂ ಹೋಗುತ್ತಾರೆಯೇ ಎಂದು ಅವರ ಊರಾದ ಮಿಯಾಗಾವಿನ ಅರ್ಧ ಜನ ಕೇಳಿದ್ದರು. ಪಡುವಣ ಗಾಳಿಗೆ ಮರಳೆದ್ದು ಕಣ್ಣಿಗೆ ನುಗ್ಗುತ್ತದೆ, ಅಂಗಡಿಗಳು ಅರೆಬಾಗಿಲು ಹಾಕಿರುತ್ತವೆ, ಸಮುದ್ರ ಕಲಗಚ್ಚಿನ ಬಣ್ಣಕ್ಕಿರುತ್ತದೆ. ಆದರೆ ಹಡಗಿನ ಕಂಪನಿ ಮಕ್ಕಳ ಶಾಲೆಯ ಕ್ಯಾಲೆಂಡರು ನೋಡಿ ರಜೆ ಕೊಡುತ್ತದೆಯೇ? ಮಿಯಾಗಾವಿನಲ್ಲಿ ಹಡಗಿಗೆ ಹೋದವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಮಾರ್ಚಿನಲ್ಲೋ ಜುಲೈಯಲ್ಲೋ ಯಾವ ಕಿಟಕಿಯಲ್ಲಿ ನಕ್ಷತ್ರದ ದೀಪ ಉರಿಯುತ್ತದೋ ಆ ಮನೆಯ ಗಂಡಸು ಬಂದಿದ್ದಾನೆ ಎಂದರ್ಥ. ಅವನು ಬಂದಾಗ ಕ್ರಿಸ್‌ಮಸ್, ಅವನು ಬಂದಾಗಲೇ ಎಲ್ಲರ ಹುಟ್ಟುಹಬ್ಬ, ಸತ್ತವರ ಪೂಜೆಯೂ ಆಗಲೇ. ತೋತೋ ಚಿಕ್ಕವನಿದ್ದಾಗ "ಯೇಸು ಒಟ್ಟು ಎಷ್ಟು ಸಲ ಹುಟ್ತಾನೆ ಪಪ್ಪಾ?" ಎಂದು ಕೇಳಿದ್ದ. ಆ ಮಾತನ್ನು ಎಲ್ಪಿಡಿಯೊ ಹಡಗಿನ ಇಂಜಿನ್ ಕೋಣೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದ, ಎರಡು ಹಡಗು ಬದಲಾದರೂ ಅದನ್ನೇ ಹೇಳುತ್ತಿದ್ದ. ಈ ಸಲ ಸೆಪ್ಟೆಂಬರಿಗೆ ಬಂದಿದ್ದ. ಈ ಸಲ ಕ್ರಿಸ್‌ಮಸ್ ಬೋರಾಕಾಯ್‌ನಲ್ಲಿ ಎಂದು ಬಂದ ದಿನವೇ ಊಟಕ್ಕೆ ಕೂತಾಗ ಸಾರಿಬಿಟ್ಟ. ಕ್ಲಾರೀಸ್ ಚಮಚ ಕೆಳಗಿಟ್ಟು, ಗುರುವಾರ ನಮ್ಮ ಪ್ರಾಜೆಕ್ಟಿನ ಮಂಡನೆ ಇದೆ, ನಾನು ಗುಂಪಿನ ಲೀಡರು, ನಾನಿಲ್ಲದಿದ್ದರೆ ಉಳಿದ ಮೂವರಿಗೂ ಸೊನ್ನೆ, ವರ್ಷವಿಡೀ ಮಾಡಿದ ಕೆಲಸ ಎಂದಳು. ಅಳಲಿಲ್ಲ, ಕಿರುಚಲಿಲ್ಲ. ಅತ್ತಿದ್ದರೆ ಅವನು ಕರಗುತ್ತಿದ್ದನೋ ಏನೋ. "ಒಂದು ವಾರ ಸ್ಕೂಲಿಗೆ ಹೋಗದಿದ್ರೆ ಆಕಾಶ ಕಳಚಿ ಬೀಳತ್ತಾ? ಅಪ್ಪ ವರ್ಷಕ್ಕೊಂದು ಸಲ ಬರೋದು. ಪ್ರಾಜೆಕ್ಟು ದಿನಾ ಇರತ್ತೆ," ಎಂದು ನಕ್ಕಿದ್ದ, ಮತ್ತು ನಗುವಾಗಲೇ ತಾನು ಸಣ್ಣವನಾಗುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

ಶಾಲೆಗೆ ತಾನೇ ಹೋಗಿ ಕೇಳುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಾಕಲೇಟಿನ ದೊಡ್ಡ ಪೊಟ್ಟಣ ಹಿಡಿದು ಹೋದದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಗೇಟಿನ ಕಾವಲುಗಾರ ಯಾರ ತಂದೆ ಎಂದ. ಕ್ಲಾರೀಸ್‌ಳ ತಂದೆ ಎಂದ. ಯಾವ ಸೆಕ್ಷನ್? ಸಂಪಾಗಿತಾ, ಎಂದ ಹೆಮ್ಮೆಯಿಂದ, ಮಲ್ಲಿಗೆಯ ಹೆಸರು ಅವನಿಗೆ ಚೆನ್ನಾಗಿ ನೆನಪಿತ್ತು. ಸಂಪಾಗಿತಾ ಸೆಕ್ಷನ್ನಿನಲ್ಲಿ ಈ ಹೆಸರಿನವಳು ಯಾರೂ ಇಲ್ಲ. ಕಾವಲುಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಲ ಸರಿಯಿಲ್ಲ ಸಾರ್, ಯಾರ್ಯಾರೋ ಬಂದು ಹೆಣ್ಣುಮಕ್ಕಳ ಹೆಸರು ಹೇಳುತ್ತಾರೆ ಎಂದು ನಿಲ್ಲಿಸಿಕೊಂಡ. ಆ ಸೆಕ್ಷನ್ನನ್ನು ಅವಳು ದಾಟಿ ಎರಡು ವರ್ಷವಾಗಿತ್ತಂತೆ. ಕೊನೆಗೆ ಯಾರೋ ಹುಡುಗಿ ಓಡಿಹೋಗಿ ಕ್ಲಾರೀಸ್‌ಳನ್ನೇ ಕರೆತಂದಳು, ಅವಳು ಗೇಟಿನ ಒಳಗಿನಿಂದ, ಗೆಳತಿಯರ ಎದುರಿಗೆ, "ಹೌದು, ನಮ್ಮ ಪಪ್ಪಾನೇ," ಎಂದು ಗುರುತು ಹೇಳಿ ಬಿಡಿಸಿಕೊಂಡಳು, ಪೊಲೀಸ್ ಠಾಣೆಯಿಂದ ಕುಡುಕನನ್ನು ಬಿಡಿಸಿಕೊಳ್ಳುವ ಹಾಗೆ. ಟೀಚರಮ್ಮ ಒಳ್ಳೆಯವಳು. ಚಾಕಲೇಟು ತೆಗೆದುಕೊಂಡು ಮೇಜಿನ ಅಂಚಿಗಿಟ್ಟು, "ನಿಮ್ಮ ಕಷ್ಟ ಅರ್ಥ ಆಗತ್ತೆ ಸಾರ್, ಈ ಸ್ಕೂಲಲ್ಲಿ ಅರ್ಧ ಮಕ್ಕಳು ನಿಮ್ಮಂಥವರ ಮಕ್ಕಳೇ. ಆದ್ರೆ ನೀವು ಬರೋ ತನಕ ವರ್ಷ ನಿಂತ್ಕೊಂಡಿರಲ್ಲ ನೋಡಿ," ಎಂದಳು. ನೀವೇ ಯೋಚನೆ ಮಾಡಿ ಎಂದೂ ಸೇರಿಸಿದಳು. ಅವನು ಯೋಚನೆ ಮಾಡಲಿಲ್ಲ. ಗೇಟಿನ ಅವಮಾನ ಒಂದು ಕಡೆ ಉರಿಯುತ್ತಿದ್ದಾಗ, ಹಿಡಿದ ಹಠ ಬಿಟ್ಟರೆ ಮರ್ಯಾದೆಯ ಕೊನೆಯ ಗುಂಡಿಯೂ ಕಿತ್ತುಹೋದಂತೆ ಅನ್ನಿಸಿತು. ಮನೆಗೆ ಬಂದು ಬಸ್ಸಿನ ಟಿಕೆಟ್ಟು ಮಾಡಿಸಿದ. ಶನಿವಾರವೇ ವಾಪಸು, ಅದಕ್ಕೆ ಮೊದಲು ಯಾರೂ ಬಾಯೆತ್ತುವ ಹಾಗಿಲ್ಲ ಎಂದ. ಬಸ್ಸಿನಲ್ಲಿ ಕ್ಲಾರೀಸ್‌ಳ ಫೋನು ಗೆಳತಿಯರ ಮೆಸೇಜುಗಳಿಂದ ಒಂದೇ ಸಮ ಗುಂಯ್‌ಗುಡುತ್ತಿತ್ತು. ರಜೆ ಅಂದ್ರೆ ರಜೆ ಎಂದು ಅದನ್ನೂ ಕಿತ್ತುಕೊಂಡು ತನ್ನ ಚೀಲದ ತಳಕ್ಕೆ ಹಾಕಿದ. ಅವಳು ಕೊಟ್ಟಳು. ಕೊಡುವಾಗ ಅವನ ಬೆರಳು ತಾಗದ ಹಾಗೆ ಕೊಟ್ಟಳು.

ಈಗ ತಿಂಡಿ ಮುಗಿದು ರೊವೇನಾ ಸ್ನಾನಕ್ಕೆ ಹೋಗಿದ್ದಳು. ತೋತೋ ದಡದಲ್ಲಿ ಮೊಣಕಾಲು ನೀರಿನಲ್ಲಿ ಕಲ್ಲು ಹಾರಿಸುತ್ತಿದ್ದ. ಕ್ಲಾರೀಸ್ ತೆಂಗಿನ ಮರಕ್ಕೆ ಮುಖ ಮಾಡಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಮರದ ಮುಂದೆ ಪಾಠ ಒಪ್ಪಿಸುತ್ತಿದ್ದಾಳೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಮರಕ್ಕೆ ಯಾಕೆ ಹೇಳ್ತೀಯ ಇಂದಾಯ್, ನಂಗೆ ಹೇಳು," ಎಂದು ಊರಿನಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ ಕರೆದು ಕುರ್ಚಿ ಎಳೆದುಕೊಂಡು ಕೂತ. "ನಾನೇ ನಿಮ್ಮ ಪರೀಕ್ಷಕ ಅಂದ್ಕೋ. ಪ್ರಶ್ನೆನೂ ಕೇಳ್ತೀನಿ."

"ಬೇಡ ಪಪ್ಪಾ. ನಿಮಗೆ ಬೋರಾಗತ್ತೆ."

"ಏ, ನಾನೇನು ಓದಿಲ್ವಾ? ಹೇಳು."

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಅಳೆದು ನೋಡಿದಳು ಅನ್ನಬೇಕು. ಆಮೇಲೆ ಕೈಗಳನ್ನು ಹಿಂದಕ್ಕೆ ಕಟ್ಟಿ, ಗಾಳಿಗೆ ದನಿ ಎತ್ತರಿಸಿ, ಮಾನ್ಯ ಪರೀಕ್ಷಕರೇ, ನಮ್ಮ ವಿಷಯ, ಹಡಗಿಗೆ ಹೋಗುವ ತಂದೆಯರು ರಜೆಗೆ ಬಂದಾಗ ಮಕ್ಕಳ ಮನಃಸ್ಥಿತಿ, ಎಂದು ಶುರುಮಾಡಿದಳು. ಎಲ್ಪಿಡಿಯೊ ಮುಖದ ಮೇಲಿನ ನಗುವನ್ನು ಹಾಗೇ ಇಟ್ಟುಕೊಂಡ, ತೆಗೆಯಲು ಸಮಯ ಸಿಗಲಿಲ್ಲ. ನಮ್ಮದೇ ಶಾಲೆಯ ಮಕ್ಕಳನ್ನು ಮಾತಾಡಿಸಿದೆವು. ತಂದೆ ದೂರವಿರುವಾಗಲೇ ಮಕ್ಕಳಿಗೆ ಸಂಕಟ ಎಂದು ನಾವು ಊಹಿಸಿದ್ದೆವು. ಆ ಊಹೆ ತಪ್ಪಾಯಿತು. ಹೆಚ್ಚಿನವರಿಗೆ ಸಂಕಟ ಶುರುವಾಗುವುದು ತಂದೆ ಬರುವ ದಿನಾಂಕ ಗೊತ್ತಾದಾಗ. ಅವಳ ಉಚ್ಚಾರಣೆ ಎಷ್ಟು ಸ್ಪಷ್ಟ, ನಿಂತ ಭಂಗಿ ಎಷ್ಟು ಚೆಂದ! ಇಷ್ಟು ಚೆನ್ನಾಗಿ ಮಾತಾಡುವುದನ್ನು ಇವಳಿಗೆ ಯಾರು ಕಲಿಸಿದರು, ಯಾವಾಗ? ಒಂದನೇ ವಿದ್ಯಾರ್ಥಿ ಹೇಳಿದ್ದು, ಎರಡನೇ ವಿದ್ಯಾರ್ಥಿ ಹೇಳಿದ್ದು. ಮೂರನೇ ವಿದ್ಯಾರ್ಥಿಯ ಮಾತನ್ನು ಇದ್ದಹಾಗೇ ಕೊಡುತ್ತೇವೆ: "ಅವರು ಬಂದ್ರೆ ನಮ್ಮನೆ ಲಾಡ್ಜ್ ಆಗತ್ತೆ. ಅವರಿಗೆ ಬೇಕಾದ್ದು ಮಾಡ್ಕೊಡ್ಬೇಕು, ನಗ್ತಾ ಇರ್ಬೇಕು. ಅವರು ಹೋದ್ಮೇಲೆ ಮತ್ತೆ ಮನೆ."

ಗಾಳಿಗೆ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿದುಕೊಂಡಿತು. ಪರೀಕ್ಷಕ ಪ್ರಶ್ನೆ ಕೇಳಬೇಕಲ್ಲ.

"ಆ ಮೂರನೇದು ನೀನಾ?" ಎಂದ.

"ಹೆಸರು ಹೇಳೋ ಹಾಗಿಲ್ಲ ಪಪ್ಪಾ. ಮಾತು ಕೊಟ್ಟಿರ್ತೀವಿ."

"ಅದು ನಾನು!" ಎಂದು ನೀರಿನಿಂದ ಕೂಗಿದ ತೋತೋ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಲಾಡ್ಜ್ ಅಂದಿದ್ದು ನಾನೇ. ಅಕ್ಕ ಅದನ್ನ ಚೆನ್ನಾಗಿದೆ ಅಂತ ಹಾಕ್ಕೊಂಡ್ಲು." ಕೂಗಿ ಇನ್ನೊಂದು ಕಲ್ಲು ಹಾರಿಸಿದ. ಅದು ನೀರಿನ ಮೇಲೆ ಬಹಳ ದೂರ ಕುಪ್ಪಳಿಸಿಕೊಂಡು ಹೋಯಿತು, ಹುಡುಗ ತಾನೇ ಚಪ್ಪಾಳೆ ತಟ್ಟಿಕೊಂಡ.

"ಚೆನ್ನಾಗಿದೆ," ಎಂದ ಎಲ್ಪಿಡಿಯೊ ಮಗಳಿಗೆ. "ತುಂಬಾ ಚೆನ್ನಾಗಿ ಮಾತಾಡ್ತೀಯ." ಥ್ಯಾಂಕ್ಸ್ ಪಪ್ಪಾ ಎಂದು ಅವಳು ಮತ್ತೆ ಮರದ ಕಡೆ ತಿರುಗಿದಳು. ಇವಳೇ ಅಲ್ಲವೇ ನಿನ್ನೆ ಸಂಜೆ ತನ್ನ ಭುಜಕ್ಕೆ ಭುಜ ತಾಗಿಸಿ ಕೂತವಳು? ಈ ರಜೆಯಲ್ಲಿ ಅವನಿಗೆ ಸಿಕ್ಕ ಸುಖ ಅದೊಂದೇ. ನನ್ನ ಫೋನು ಯಾಕೋ ಎಳೆದಾಡುತ್ತಿದೆ, ನೋಡೇ ಎಂದು ಕೊಟ್ಟಿದ್ದ. ಅವನ ಹಡಗಿನ ಕಾಗದಪತ್ರ, ವೈದ್ಯಕೀಯ ಪರೀಕ್ಷೆಯ ತಾರೀಕು, ಏಜೆನ್ಸಿಯ ಮೇಲ್ ಎಲ್ಲ ನೋಡಿಕೊಳ್ಳುವುದು ಹದಿಮೂರನೇ ವಯಸ್ಸಿನಿಂದ ಅವಳೇ. ಊರಿನ ಹಡಗಿನವರ ಮನೆಗಳಲ್ಲೆಲ್ಲ ಹಾಗೆ. ಅಪ್ಪಂದಿರು ಇಂಜಿನ್ ಬಿಚ್ಚಿ ಜೋಡಿಸಬಲ್ಲರು, ಪಾಸ್‌ವರ್ಡ್ ಮರೆಯುತ್ತಾರೆ. ಅವಳು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಅದೇನೋ ಅಳಿಸಿದಳು, ಒತ್ತಿದಳು, ಬರೆದಳು. ಅವಳ ಕೂದಲಿನಿಂದ ಕಲಾಮಾನ್ಸಿ ನಿಂಬೆಯ ವಾಸನೆ ಬರುತ್ತಿತ್ತು. ಇದು ಬೇಗ ಸರಿಯಾಗದಿರಲಿ ದೇವರೇ ಎಂದು ಬೇಡಿಕೊಂಡಿದ್ದ. ಒಂದು ಸಲ ಅವಳು ಬೆರಳು ತಡೆದು ಅವನ ಮುಖ ನೋಡಿದ್ದಳು, ಏನನ್ನೋ ಕೇಳುವವಳ ಹಾಗೆ, ಅವನು ಅಕ್ಕರೆಯಿಂದ ನಕ್ಕಿದ್ದ. ಆಗ ಒತ್ತಿದಳು.

ಮಧ್ಯಾಹ್ನ ಅವನು ಸಂಜೆಯ ಹಬ್ಬಕ್ಕೆ ಕೆಂಪು ಮೇಣ ಹೊದಿಸಿದ ಚೀಸ್ ಉಂಡೆ ತರಲು ಅಂಗಡಿಗೆ ಹೊರಟಿದ್ದಾಗ ಮನಿಲಾದ ಏಜೆನ್ಸಿಯಿಂದ ಫೋನು ಬಂತು. "ಬಹಳ ಉಪಕಾರ ಆಯ್ತು ಸಾರ್," ಎಂದಳು ಆ ಹೆಂಗಸು. "ಹಡಗಿಗೆ ತುರ್ತಾಗಿ ಜನ ಬೇಕು ಅಂತ ಮೇಲ್ ಹಾಕಿದ್ರೂ, ನಿಮ್ಮ ರಜೆ ಇನ್ನೂ ಇದೆ, ನೀವು ಒಪ್ಪಲ್ಲ ಅಂದ್ಕೊಂಡಿದ್ವಿ. ನಿನ್ನೆ ಸಂಜೆ ನೀವೇ ಈಗಲೇ ಹೊರಡ್ತೀನಿ ಅಂತ ಬರೆದಿದ್ದು ನೋಡಿ ನಮಗೆ ಹೋದ ಜೀವ ಬಂತು. ಬುಧವಾರ ಮನಿಲಾಗೆ ಬಂದ್ಬಿಡಿ. ಏನಾದ್ರೂ ತೊಂದ್ರೆ ಇದ್ರೆ ಈಗ್ಲೇ ಹೇಳ್ಬಿಡಿ ಸಾರ್, ಇನ್ನೊಬ್ರು ಕಾಯ್ತಿದಾರೆ."

ಮೊದಲು ಬಂದದ್ದು ಆಶ್ಚರ್ಯವಲ್ಲ, ಸಿಟ್ಟೂ ಅಲ್ಲ. ಸತ್ಯ ಹೇಳಬೇಕೆಂದರೆ ಮೊದಲು ಮನಸ್ಸು ಹಗುರಾಯಿತು. ಬೆನ್ನು ತಾನಾಗಿ ನೆಟ್ಟಗಾಯಿತು, ಮೂಗಿಗೆ ಬಿಸಿ ಎಣ್ಣೆಯ ವಾಸನೆ ಬಂತು, ಕಿವಿಯಲ್ಲಿ ಸರಿಯಾದ ಸದ್ದಿನ ಇಂಜಿನ್ನೊಂದು ಓಡಿತು. ಪ್ರತಿ ಸಲವೂ ಹೀಗೆಯೇ. ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ತಬ್ಬಿ ಅತ್ತು, ಹಡಗಿನ ಕಿರುಮಂಚಕ್ಕೆ ಬಿದ್ದ ಮೊದಲ ದಿನ ಅವನು ಕೊರಡಿನ ಹಾಗೆ ನಿದ್ದೆ ಹೋಗುತ್ತಾನೆ, ಮನೆಯಲ್ಲಿ ಎಂದೂ ಬಾರದ ನಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ. "ಇಲ್ಲ ಮೇಡಂ, ಏನೂ ತೊಂದ್ರೆ ಇಲ್ಲ," ಎಂದುಬಿಟ್ಟ. ಫೋನು ಜೇಬಿಗಿಟ್ಟ ಮೇಲೆ ನಿನ್ನೆ ಸಂಜೆ ಎಂಬ ಮಾತು ಒಳಗೆ ಇಳಿಯಿತು. ನಿನ್ನೆ ಸಂಜೆ ತಾನು ಏನನ್ನೂ ಬರೆದಿರಲಿಲ್ಲ. ಫೋನು ತನ್ನ ಕೈಯಲ್ಲೇ ಇರಲಿಲ್ಲ. ಆ ಭುಜ, ಆ ನಿಂಬೆಯ ವಾಸನೆ, ಆ ತಡೆದ ಬೆರಳು. ಅಯ್ಯೋ ಹಡಬೆ, ಅಪ್ಪನನ್ನೇ ಹಡಗು ಹತ್ತಿಸಿದೆಯಲ್ಲೇ! ಹೋಗಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಹೆಜ್ಜೆ ಹಾಕುತ್ತ ಹಾಕುತ್ತ ಅವನನ್ನು ನಿಜವಾಗಿ ಕೊರೆದದ್ದು ಅವಳು ಮಾಡಿದ್ದಲ್ಲ. ಅಪ್ಪ ಬೇಡ ಅನ್ನುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಿತ್ತು? ಅಷ್ಟು ಖಚಿತವಾಗಿ?

ಅವಳು ಹಾಳೆಯ ಮರೆಯಲ್ಲಿ ಕಾಲು ನೀಡಿ ಕೂತಿದ್ದಳು. ಅವನು ಎದುರು ನಿಂತ, ಅವನ ನೆರಳು ಅವಳ ಮೇಲೆ ಬಿತ್ತು.

"ಏಜೆನ್ಸಿಯಿಂದ ಫೋನ್ ಬಂದಿತ್ತು," ಎಂದ.

"ಯಾವತ್ತು ಬಾ ಅಂದ್ರು?" ಎಂದಳು ತಟ್ಟನೆ. ಏನಂತೆ, ಯಾಕಂತೆ ಎಂದು ಕೇಳಲಿಲ್ಲ. ಕೇಳುವ ನಾಟಕವನ್ನೂ ಮಾಡಲಿಲ್ಲ.

"ಬುಧವಾರ."

ಅವಳ ತುಟಿ ಲೆಕ್ಕ ಹಾಕಿದ್ದನ್ನು ಅವನು ಕಂಡ. ನಾಳೆ ಮಂಗಳವಾರ ಹೊರಟರೆ ರಾತ್ರಿಗೆ ಊರು, ಬುಧವಾರ ಗೆಳತಿಯರ ಜೊತೆ ಅಭ್ಯಾಸ, ಗುರುವಾರ. ಅವಳ ಮುಖ ಅರಳಿತು. ದೇವರಾಣೆ ಅರಳಿತು. ಐದು ವರ್ಷದವಳಿದ್ದಾಗ ಸಿಂಗಾಪುರದಿಂದ ತಂದ ಮಾತಾಡುವ ಗೊಂಬೆಗೂ ಅದು ಹೀಗೆ ಅರಳಿರಲಿಲ್ಲ. ಬೈಯಲು ತೆರೆದ ಅವನ ಬಾಯಿ ಹಾಗೇ ಮುಚ್ಚಿತು. ಕೊನೆಗೂ ನಾನು ಇವಳಿಗೆ ಬೇಕಾದ್ದನ್ನು ಕೊಟ್ಟೆ ಎಂಬ ಹುಚ್ಚು ಯೋಚನೆ ಬಂತು, ಮತ್ತು ಆ ಯೋಚನೆ ಅವನಿಗೆ ಬಹಳ ಹಿಡಿಸಿತು. ಈ ಗುಟ್ಟು ನನ್ನ ಹೊಟ್ಟೆಯಲ್ಲೇ ಇರಲಿ. ರೊವೇನಾ ಕೇಳಿದರೆ ನಾನೇ ಒಪ್ಪಿಕೊಂಡೆ ಎಂದರಾಯಿತು. ಅವಳು ಬೈಯಲಿ, ಅಳಲಿ, ಹೆಂಡತಿ ಮಕ್ಕಳಿಗಿಂತ ಹಡಗು ಹೆಚ್ಚಾಯಿತಾ ಎಂದು ಹಾರಾಡಲಿ. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ, ಮಗಳು ಪಕ್ಕದಲ್ಲಿ ಕೂತು ನೋಡುತ್ತಾಳೆ, ಅಪ್ಪ ತನಗಾಗಿ ಏನು ನುಂಗಿಕೊಂಡ ಎಂದು ಒಂದಲ್ಲ ಒಂದು ದಿನ ಅವಳಿಗೆ ತಿಳಿಯುತ್ತದೆ. ಅಂಗಡಿಗೆ ಹೋಗಿ ಚೀಸ್ ಉಂಡೆಯ ಜೊತೆಗೆ ದೊಡ್ಡ ಹ್ಯಾಮನ್ನೂ ಕೊಂಡ. ದಾರಿಯಲ್ಲಿ ಶಿಳ್ಳೆ ಹಾಕುತ್ತಿದ್ದ.

ಹೊತ್ತು ಮುಳುಗುತ್ತಿದ್ದ ಹಾಗೆ ಕೋಣೆಯ ಮುಂದಿನ ಜಗಲಿಯಲ್ಲಿ ಬಣ್ಣದ ದೀಪದ ಸರ ಕಟ್ಟಿದ. ಅತ್ತ ಅಂಗಡಿಬೀದಿಯಲ್ಲಿ ಸೆಪ್ಟೆಂಬರ್ ಹುಟ್ಟಿದ್ದೇ ತಡ ಹಾಕಿಬಿಡುವ ಕ್ರಿಸ್‌ಮಸ್ ಹಾಡು ಕೇಳಿಬರುತ್ತಿತ್ತು. ರೊವೇನಾ ಅನ್ನ ಬಡಿಸಿದಳು, ಶಿಲುಬೆ ಗುರುತು ಹಾಕಿಕೊಂಡರು. ಎಲ್ಪಿಡಿಯೊ ಗಂಟಲು ಸರಿಮಾಡಿಕೊಂಡು, ಒಂದು ಮಾತು ಹೇಳಬೇಕು, ಕಂಪನಿಯವರು ಕಾಲಿಗೆ ಬಿದ್ದರು, ನಾನು ಒಪ್ಪಿಕೊಂಡುಬಿಟ್ಟೆ, ತಪ್ಪು ನಂದೇ, ನಾಳೆಯೇ ಹೊರಡಬೇಕಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿ ಹೆಂಡತಿಯ ಬೈಗುಳಕ್ಕೆ ತಲೆ ತಗ್ಗಿಸಿದ.

"ಹೌದಾ," ಎಂದಳು ರೊವೇನಾ. "ಏನ್ಮಾಡಕ್ಕಾಗತ್ತೆ. ಕೆಲಸ ಅಂದ್ಮೇಲೆ." ಹ್ಯಾಮಿನ ಅಂಚಿನ ಕೊಬ್ಬು ಕತ್ತರಿಸಿ ಬದಿಗಿಟ್ಟಳು.

ಬೈಗುಳ ಇನ್ನು ಬಂದೀತು ಎಂದು ಅವನು ತಗ್ಗಿಸಿದ ತಲೆ ಎತ್ತಲಿಲ್ಲ.

"ಹಾಗಾದ್ರೆ ಮೊದಲ್ನೇ ದೋಣಿಗಾ, ಎರಡ್ನೇದಕ್ಕಾ?" ಎಂದ ತೋತೋ ಬಾಯಿತುಂಬ ಅನ್ನವಿಟ್ಟುಕೊಂಡು. "ಬೆಳಿಗ್ಗೆ ಮಮ್ಮಾ ಎರಡ್ನೇದು ಅಂದಿದ್ಲು."

ಬೆಳಿಗ್ಗೆ ಏಜೆನ್ಸಿಯ ಫೋನು ಬಂದಿರಲಿಲ್ಲ. ಬೆಳಿಗ್ಗೆ ಮೂವರೂ ಒಂದೇ ತಟ್ಟೆಯಲ್ಲಿ ಕೈಯಿಟ್ಟು ನಗುತ್ತಿದ್ದರು.

"ತೋತೋ, ಬಾಯಿ ಮುಚ್ಕೊಂಡು ತಿನ್ನು," ಎಂದಳು ರೊವೇನಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನೆಂಟರ ಮುಂದೆ ಮಗು ಏನೋ ಎಡವಟ್ಟು ಮಾತಾಡಿದಾಗ ಆಗುವ ಮುಜುಗರ ಅಷ್ಟೇ. ಅವಳು ಗಂಡನನ್ನು ನೋಡಲಿಲ್ಲ. ಎಲ್ಪಿಡಿಯೊಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ತಾನು ಹೊತ್ತುಕೊಂಡ ಅಪರಾಧವನ್ನು ಇವರು ಆಗಲೇ ಮಾಡಿ, ಹಂಚಿಕೊಂಡು, ಬೆಳ್ಳುಳ್ಳಿ ಅನ್ನದ ಜೊತೆ ತಿಂದು ಮುಗಿಸಿದ್ದರು. ತಾನು ತಲೆ ತಗ್ಗಿಸಿ ಕೂತದ್ದನ್ನು ಮೂವರೂ ಮರ್ಯಾದೆಗೆ ನೋಡುತ್ತಿದ್ದರು. ಈಗ ಎದ್ದು ಮೇಜು ಕವುಚಬಹುದಿತ್ತು. ಎಲ್ಲ ಗೊತ್ತು ಕಣ್ರೋ ಎಂದು ಕಿರುಚಬಹುದಿತ್ತು. ಅದರ ಬದಲು ಅವನ ಬಾಯಿ ತಾನಾಗಿ, "ಕ್ಯಾಪ್ಟನ್ನೇ ಹಠ ಹಿಡಿದ್ನಂತೆ, ಎಲ್ಪಿಡಿಯೊ ಇಲ್ದೆ ಇಂಜಿನ್ ಮುಟ್ಟಲ್ಲ ಅಂತ," ಎಂದು ಬಿಟ್ಟಿತು. ಆ ಹಡಗಿನ ಕ್ಯಾಪ್ಟನ್ ಯಾರೆಂದೇ ಅವನಿಗೆ ಗೊತ್ತಿರಲಿಲ್ಲ.

"ಹೌದಾ ಪಪ್ಪಾ?" ಎಂದಳು ಕ್ಲಾರೀಸ್. ಎದ್ದು ಬಂದು ಹ್ಯಾಮಿನ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಈ ರಜೆಯಲ್ಲಿ ಅವಳು ತಾನಾಗಿ ಅವನಿಗೆ ಏನನ್ನಾದರೂ ಬಡಿಸಿದ್ದು ಇದೇ ಮೊದಲು. ಅವಳ ಮುಖದಲ್ಲಿ ಈಗ ಬಿಗಿ ಇರಲಿಲ್ಲ, ದ್ವೇಷವಿರಲಿಲ್ಲ. ಗೆದ್ದವರಿಗೆ ಮಾತ್ರ ಬರುವ ಒಂದು ಮೆದುತನವಿತ್ತು. ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು ಕೂಡ, ಬಸ್ಸು ಹತ್ತಿಸುವಾಗ ಮುದುಕರ ಹೆಗಲ ಮೇಲೆ ಇಡುತ್ತಾರಲ್ಲ, ಹಾಗೆ. ಅವನಿಗೆ ಇದ್ದಕ್ಕಿದ್ದಂತೆ ಅಳು ಒತ್ತರಿಸಿ ಬಂತು. ಆ ಕೈಯನ್ನು ಹಿಡಿದುಕೊಳ್ಳಬೇಕು, ಇವಳು ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತು ಮಾತಾಡುವುದನ್ನು ಇನ್ನೊಮ್ಮೆ ನೋಡಬೇಕು, ಏನನ್ನಾದರೂ ಹೇಳಲಿ, ಲಾಡ್ಜ್ ಎಂದೇ ಹೇಳಲಿ, ಎಲ್ಲರೆದುರು ಹೇಳಲಿ. ಪ್ರಪಂಚದಲ್ಲಿ ತನಗೆ ಬೇಕಾದದ್ದು ಅದೊಂದೇ ಎಂದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿತು.

"ಇಂದಾಯ್," ಎಂದ, "ಗುರುವಾರ ಅದು ಎಷ್ಟು ಹೊತ್ತಿಗೆ? ಅಪ್ಪ ಅಮ್ಮ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋಬಹುದಾ? ನಾನು ಪ್ರಶ್ನೆ ಗಿಶ್ನೆ ಏನೂ ಕೇಳಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋತೋ ಕೂಡ ಅಗಿಯುವುದನ್ನು ನಿಲ್ಲಿಸಿದ.

"ಗುರುವಾರ ನೀವು ಮನಿಲಾದಲ್ಲಿ ಇರ್ತೀರಲ್ಲ ಪಪ್ಪಾ," ಎಂದಳು ಕ್ಲಾರೀಸ್ ಮೆಲ್ಲಗೆ, ಎಳೆಯ ಮಗುವಿಗೆ ತಿಳಿಸಿ ಹೇಳುವವಳ ಹಾಗೆ, ಮತ್ತು ಅವನ ತಟ್ಟೆಯ ಹ್ಯಾಮನ್ನು ತಾನೇ ಸಣ್ಣದಾಗಿ ಕತ್ತರಿಸಿಕೊಟ್ಟಳು.